ನಿಲ್ಲುವ ಕಾಲ

ಮಂಗಳವಾರ, ಜೂನ್ ೧೦

ಅಂಗಡಿಗೆ ಹೊಲಿಯಲು ಬಂದ ಬಿಳಿ ಗೌನು ಸ್ಟೂಲಿನ ಮೇಲಿತ್ತು. ನೋಡದೆ ಅದರ ಮೇಲೇ ಕೂತೆ, ಕಲೆಯಾಯಿತು. ಮೂರು ವಾರವಾಯಿತು, ಈ ಸಲದ ಮುಟ್ಟು ಮುಗಿಯುತ್ತಲೇ ಇಲ್ಲ.

“ಹೊರಟ ನೆಂಟರು ಬಾಗಿಲಲ್ಲಿ ನಿಂತು ಮಾತಾಡಲ್ವಾ, ಹಾಗೇ ಕಣೇ. ಮುಟ್ಟು ನಿಲ್ಲೋ ಕಾಲ” ಎಂದಿದ್ದಳು ಅಕ್ಕ. ನಗು ಬಂದಿತ್ತು.

ಸಂಜೆ ನಮ್ಮನೆಯವರು ಆ ಗೌನನ್ನು ತಣ್ಣೀರಲ್ಲಿ ಉಜ್ಜುತ್ತಾ, “ಡಾಕ್ಟರಿಗೆ ತೋರಿಸೋಣ” ಎಂದರು.

“ನಿಲ್ಲೋ ಕಾಲ ಕಣ್ರೀ, ಹೀಗೇ ಇರುತ್ತೆ.”

ಅವರು ತಲೆ ಎತ್ತಲಿಲ್ಲ. “ಕಾಲ ಬಂತು, ಸರಿ. ನಿಲ್ತಾನೇ ಇಲ್ವಲ್ಲ.”

ಯಾರಿಗೂ ಹೇಳದ ನನ್ನ ಹೆದರಿಕೆ ಅವರಿಗೆ ಹೇಗೆ ಗೊತ್ತಾಯಿತೋ. ಕಲೆಯೇನೋ ಹೋಯಿತು. ನಾಳೆ ಅಂಗಡಿ ತೆರೆಯುವುದಿಲ್ಲ. ನೆಂಟರು ಇಷ್ಟು ದಿನ ಬಾಗಿಲಲ್ಲೇ ನಿಂತರೆ, ಏನು ವಿಷಯ ಎಂದು ಕೇಳಲೇಬೇಕು.