ಹೊಳೆವ್ವನ ಗಿಡ

ಜುಲೈ ೯, ಬುಧವಾರ

ಇವತ್ತೂ ಹೊಂಗೆಯ ಚಿತ್ರ ಶುರು ಮಾಡಲಾಗಲಿಲ್ಲ. ರಸ್ತೆ ಅಗಲ ಮಾಡಲು ಕುಂದಲಹಳ್ಳಿಯ ನಮ್ಮ ಹೊಂಗೆಮರ ಕಡಿದ ಮೇಲೆ ನಾನು ಬರೆದಿದ್ದೆಲ್ಲ ಬಾಲ್ಕನಿಯ ಹೂಕುಂಡಗಳನ್ನೇ. ಚಿಕ್ಕವಳಿದ್ದಾಗ ನನಗೆ ಕುಂಚ ಹಿಡಿಸಿದ್ದೇ ಆ ಮರ.

ಸಂಜೆ ಹಿಂದಿನ ಬೀದಿಯ ಬಾಡಿಗೆ ಕೋಣೆಯ ಹೊಳೆವ್ವ ಬಂದಿದ್ದಳು. ಕಟ್ಟಡದ ಕೆಲಸದಲ್ಲಿ ಬಿದ್ದು ಬಲಗೈ ಮುರಿದುಕೊಂಡವಳು. ಪ್ಲಾಸ್ಟರ್ ಬಿಚ್ಚಿ ತಿಂಗಳಾದರೂ ತೋಳು ಮೇಲೇಳುತ್ತಿಲ್ಲ. ಬೆರಳಾದರೂ ಆಡಲಿ ಎಂದು ಅಂಗೈಯಗಲದ ಕಾಗದ, ಕುಂಚ ಕೊಟ್ಟೆ.

"ಒಂದು ಗಿಡ ಬರಿ, ಸಾಕು."

"ಇಷ್ಟರಾಗ ಗಿಡ ಹೆಂಗ ಹಿಡಸ್ಲಿ ಅಕ್ಕಾರ?"

"ನಾಲ್ಕು ಎಲೆ ಬರಿಯಮ್ಮ."

"ನಾಲ್ಕ ಎಲಿ ಇದ್ರ ಗಿಡ ಹೆಂಗ ಆಗ್ತೈತ್ರಿ? ನಮ್ಮೂರ ಬೇವಿನ ಗಿಡದ ನೆಳ್ಳಾಗ ಊರಿನ ದನ ಎಲ್ಲಾ ಮಲಗತಾವ."

ಆಗ ಹೊಳೆಯಿತು. ಅವಳ ಕಡೆ ಮರಕ್ಕೇ ಗಿಡ ಎನ್ನುತ್ತಾರೆ. ಹೊಂಗೆಗೆಂದು ತಂದು ಸುತ್ತಿಟ್ಟಿದ್ದ ದೊಡ್ಡ ಹಾಳೆಯನ್ನು ಗೋಡೆಗೆ ಅಂಟಿಸಿದೆ. ಅವಳು ಬುಡದಿಂದ ಶುರು ಮಾಡಿದಳು. ಕಾಂಡ ಏರಿತು, ಜೊತೆಗೆ ಕೈಯೂ. ಮೇಲಿನ ಕೊಂಬೆ ಬರೆಯುವಾಗ ತೋಳು ಕಿವಿಯ ಮಟ್ಟ ದಾಟಿತ್ತು. ಹೇಳಿದರೆ ಎಲ್ಲಿ ಇಳಿಸಿಬಿಡುತ್ತಾಳೋ ಎಂದು ನಾನು ಬಣ್ಣದ ಬಟ್ಟಲನ್ನಷ್ಟೇ ಅವಳ ಹತ್ತಿರ ಸರಿಸಿದೆ.

ಅವಳೇ ಕೈ ನೋಡಿಕೊಂಡು, "ನೋಯ್ತೈತ್ರಿ, ಆದ್ರ ತುದಿ ಇನ್ನೂ ಮ್ಯಾಲೈತಿ" ಎಂದಳು.

ಬೇವು ಗೋಡೆಯ ಮೇಲೆ ಇನ್ನೂ ಒಣಗುತ್ತಿದೆ. ಹೂಕುಂಡ ಬರೆಯಲು ಮೊಣಕೈಯನ್ನು ಮೇಜಿನಿಂದ ಎತ್ತಬೇಕಾಗಿಲ್ಲ. ಈ ವರ್ಷವೆಲ್ಲ ನಾನು ಎತ್ತಿಲ್ಲ. ನಾಳೆ ಇದಕ್ಕಿಂತ ದೊಡ್ಡ ಹಾಳೆ ತರಬೇಕು. ಹೊಂಗೆಯ ಬುಡವನ್ನು ನೆಲದ ಹತ್ತಿರದಿಂದಲೇ ಶುರು ಮಾಡಿದರೆ ತುದಿಗೆ ಸ್ಟೂಲ್ ಹತ್ತಬೇಕಾಗುತ್ತದೆ. ಹತ್ತಿದರಾಯಿತು.