ಆಸ್ಪತ್ರೆಯಲ್ಲಿರುವ ನಮ್ಮ ಮಕ್ಕಳು

ಮನೆಯಿಂದ,
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಮಗನಿಗೆ ತಾಯಿಯ ಆಶೀರ್ವಾದ.

ನಾನು ಈ ಮನೆಯ ಯಜಮಾನಿ, ಪ್ರಾರ್ಥನಾ ಮಂದಿರದ ಮಹಿಳಾ ಸಂಘದ ಅಧ್ಯಕ್ಷೆ. ಓದಿದ್ದು ಹೈಸ್ಕೂಲೇ ಆದರೂ ನಿಮ್ಮಪ್ಪ ಹೋದಮೇಲೆ ಈ ಮನೆಯ ಗೋಡೆಗೆ ನನ್ನನ್ನು ಕೇಳದೆ ಒಂದು ಮೊಳೆಯನ್ನೂ ಯಾರೂ ಹೊಡೆದಿಲ್ಲ. ನಿನಗಿದು ಗೊತ್ತಿಲ್ಲದ್ದಲ್ಲ, ಈ ಕಾಗದ ಓದುವಾಗ ಮರೆಯದಿರಲಿ ಎಂದು ಬರೆದೆ. ನಿನ್ನ ಸೊಂಟನೋವು ಹೇಗಿದೆ? ಹಡಗಿನ ಎಂಜಿನ್ ಕೋಣೆಯಿಂದ ಬೆವರಿದ ಮೈಯಲ್ಲೇ ಮೇಲೆ ಬಂದು ಗಾಳಿಗೆ ನಿಲ್ಲಬೇಡ. ನನ್ನ ಮಂಡಿ ಇದ್ದ ಹಾಗೇ ಇದೆ. ನಿನ್ನ ಮಗಳ ಕೆಮ್ಮು ಕಡಿಮೆಯಾಯಿತು, ಬಾಯಿ ಕಡಿಮೆಯಾಗಿಲ್ಲ.

ಇನ್ನು ಆಸ್ಪತ್ರೆಯ ವಿಷಯ. ಮಗು ಬೇಕೆಂದು ನೀವಿಬ್ಬರೂ ಮಾಡಿಸಿಕೊಂಡ ಚಿಕಿತ್ಸೆಯಲ್ಲಿ ಉಳಿದ ಭ್ರೂಣಗಳು ಅಲ್ಲೇ ತಣ್ಣಗೆ ಕೂತಿವೆ. ನಿನ್ನ ಹೆಂಡತಿಯ ಗರ್ಭಕೋಶ ತೆಗೆದಮೇಲೆ ಅವಕ್ಕೆ ಈ ಮನೆಗೆ ಬರಲು ದಾರಿಯಿಲ್ಲ. ಹಾಗೇ ಇಡಬೇಕೋ, ನಾಶ ಮಾಡಬೇಕೋ, ಸಂಶೋಧನೆಗೆ ಕೊಡುತ್ತೀರೋ ಎಂದು ಆಸ್ಪತ್ರೆಯವರು ಒಪ್ಪಿಗೆಯ ಕಾಗದ ಕಳಿಸಿ ಕೇಳಿದರು. ನೀನೇನು ಮಾಡಿದೆ? ಕೆಳಗೆ ಸಹಿ ಹಾಕಿ, ಮೇಲೆ ಖಾಲಿ ಬಿಟ್ಟು, 'ಅಮ್ಮ ಹೇಳಿದ ಹಾಗೆ ತುಂಬಿ' ಎಂದು ಕಳಿಸಿದೆ. ಸಮುದ್ರದ ಮೇಲೆ ಕೂತವನಿಗೆ ಕೈ ತೊಳೆದುಕೊಳ್ಳಲು ನೀರಿಗೇನು ಬರ!

ಮಂದಿರದ ಗುರುಗಳು ಮನೆಗೇ ಬಂದರು. "ಅವೂ ಜೀವಗಳೇ ಅಮ್ಮಾ, ಕತ್ತರಿಸಿ ನೋಡೋಕೆ ಕೊಡೋದು ಕೊಲೆಗೆ ಸಮ. ಹಾಗೇ ಇರ್ಲಿ, ದೇವರು ನೋಡ್ಕೋತಾನೆ" ಎಂದರು. ನಿನ್ನ ಹೆಂಡತಿ ಚಹಾದ ಲೋಟ ಅವರ ಮುಂದಿಟ್ಟು, "ದೇವರಿಗೆ ವಯಸ್ಸಾಗಲ್ಲ ಗುರುಗಳೇ, ನನಗೆ ಆಗ್ತಿದೆ" ಎಂದಳು. ನಾನು ಕಣ್ಣು ಕೆಕ್ಕರಿಸಿದೆ. ಅವಳು ತಲೆ ತಗ್ಗಿಸಲಿಲ್ಲ. ಗುರುಗಳು ಹೇಳಿದ್ದೇ ನನ್ನ ನಂಬಿಕೆ. ಆಸ್ಪತ್ರೆಯವರು ಭ್ರೂಣ ಸಂಶೋಧನೆಗೆಂದು ಆ ಪ್ರಯೋಗಾಲಯ ತೆರೆದಾಗ ಹೆಂಗಸರನ್ನೆಲ್ಲ ಕಟ್ಟಿಕೊಂಡು ಅದರ ಗೇಟಿನ ಮುಂದೆ ನಿಂತವಳು ನಾನು. ನಿಂತದ್ದು ತಪ್ಪೆಂದು ಇವತ್ತಿಗೂ ಅನ್ನಿಸಿಲ್ಲ.

ಸಂಜೆ ಪ್ರಾರ್ಥನೆಯಲ್ಲಿ ಮನೆಯವರ ಹೆಸರೆಲ್ಲ ಹೇಳಿ, ಕೊನೆಗೆ 'ಆಸ್ಪತ್ರೆಯಲ್ಲಿರುವ ನಮ್ಮ ಮಕ್ಕಳನ್ನೂ ಕಾಪಾಡು' ಎಂದು ನಾನು ಸೇರಿಸುವುದು ನಿನಗೆ ಗೊತ್ತು. "ಅವರಿಗೆ ಚಳಿ ಆಗಲ್ವಾ ಅಜ್ಜಿ?" ಎಂದು ನಿನ್ನ ಮಗಳು ದಿನಾ ಕೇಳುತ್ತಾಳೆ. ಆ ಮಾತು ಬಂದ ಕೂಡಲೇ ನಿನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಸೊಕ್ಕು ಎಂದುಕೊಂಡಿದ್ದೆ. ಕಳೆದ ವಾರ ಬೈಯಲೆಂದೇ ಹಿಂದೆ ಹೋದೆ. ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದಳು. "ನಿಮ್ಮ ಪ್ರಾರ್ಥನೇಲಿ ಅವರು ಇದ್ದಾರೆ ಅತ್ತೆ. ನಾನು ಮಾತ್ರ ದಿನಾ ಸಂಜೆ ಅವರನ್ನ ಹೊಸದಾಗಿ ಕಳ್ಕೋತೀನಿ" ಎಂದಳು. ಮೊದಲು ಹೊಟ್ಟೆಯಲ್ಲಿ ನಿಲ್ಲದೆ ಹೋದ ಎರಡು ಬಸಿರಿನ ಮಾತೂ ಬಂತು. "ಯಾಕೆ ನಿಲ್ಲಲಿಲ್ಲ ಅಂತ ನನಗೆ ಯಾವ ಡಾಕ್ಟರೂ ಹೇಳಲಿಲ್ಲ. ಇನ್ನೊಬ್ಬಳಿಗಾದ್ರೂ ಹೇಳೋ ಹಾಗಾಗ್ಲಿ." ಬೈಯಲು ಹೋದವಳು ನಲ್ಲಿ ನಿಲ್ಲಿಸಿ ಬಂದೆ.

ಗುರುಗಳು ಅವರದ್ದು ಹೇಳಿದರು, ಆಸ್ಪತ್ರೆಯವರು ಅವರದ್ದು ಕೇಳಿದರು, ನೀನು ನನ್ನ ತಲೆಗೆ ಕಟ್ಟಿದೆ. ಸೂಜಿ ಚುಚ್ಚಿಸಿಕೊಂಡವಳನ್ನು ನಾವ್ಯಾರೂ ಕೇಳಲಿಲ್ಲ. ಎಲ್ಲರ ಪಾಲಿನದ್ದನ್ನೂ ನಾನೇ ತೀರ್ಮಾನಿಸಿ ಸಾಕಾಗಿದೆ ಮಗನೇ. ಈಚೆಗೆ ಉಂಡ ತಟ್ಟೆ ಎತ್ತಲೂ ಬೇಸರ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು. ನಿನ್ನೆ ಆಸ್ಪತ್ರೆಯ ಆ ಕಾಗದವನ್ನೂ ಪೆನ್ನನ್ನೂ ಸೊಸೆಯ ಮುಂದಿಟ್ಟು, 'ನೀನು ಬರೆದದ್ದೇ ನನ್ನ ಮಾತು' ಎಂದೆ. 'ಸಂಶೋಧನೆಗೆ' ಎಂದು ಬರೆದಳು. ನನ್ನ ಮನಸ್ಸು ಒಪ್ಪಿಲ್ಲ. ಆದರೂ ಅವಳ ಜೊತೆ ಹೋಗಿ ಆಸ್ಪತ್ರೆಗೆ ಕೊಟ್ಟು ಬಂದೆ. ಬರುವಾಗ, ಬೇರೆಯವರ ಬಾಯಿಂದ ತಿಳಿಯುವ ಮೊದಲು ಗುರುಗಳಿಗೆ ನಾನೇ ಹೇಳಿ, ಸಂಘದ ಬೀಗದಕೈಯನ್ನು ಅವರ ಮೇಜಿನ ಮೇಲಿಟ್ಟೆ.