ಟಾಕಿಯೊಳಗಿನ ಬಾಟಲಿಗಳು

ಸೋಲಾಪುರ, ಜೂನ್ ೧೧, ಬುಧವಾರ

ಅತ್ತೆಯ ಮೊಣಕಾಲು ನೋವಿಗೆಂದೇ ಹಾಕಿಸಿದ ಹೊಸ ಕಮೋಡು. ಫ್ಲಶ್ ಒತ್ತಿದರೆ ನೀರು ಜೀವವಿಲ್ಲದಂತೆ ಇಳಿಯುತ್ತದೆ, ಏನೂ ಹೋಗುವುದಿಲ್ಲ. ಪ್ಲಂಬರ್ ಭೀಮಶಾ ಫೋನಿನಲ್ಲಿ, "ಫ್ಲಶ್ಶಿನ ನೀರಿನ ಟಾಕಿ ಮುಚ್ಚಳ ತಗದು ನೋಡ್ರಿ, ವೈನಿ," ಎಂದ. ತೆಗೆದೆ. ಒಳಗೆ ಮರಳು ತುಂಬಿದ ಎರಡು ದೊಡ್ಡ ಬಾಟಲಿಗಳು. ನೀರಿಗೆ ಜಾಗವೇ ಇಲ್ಲ.

ಇಟ್ಟವರು ಅತ್ತೆಯೇ. "ನಳ ಐದ ದಿನಕ್ಕೊಮ್ಮೆ ಬರ್ತಾವ. ಕುಡಿಯೂ ನೀರ ಸಂಡಾಸಕ್ಕ ಸುರೂದೇನ?"

ಬಾಟಲಿ ತೆಗೆದು ಒತ್ತಿದೆ. ನೀರು ಧೋ ಎಂದು ನುಗ್ಗಿತು. ಮನೆಯಲ್ಲಿ ಯಾರೋ ತುಂಬಿದ ಕೊಡ ಒಡೆದಂತೆ ಅತ್ತೆ ಕಣ್ಣು ಮುಚ್ಚಿಕೊಂಡರು.

ಆಮೇಲೆ ಹನಿ ನೀರು ಮುಟ್ಟಲಿಲ್ಲ. "ಕುಡದ್ರ ಹೋಗಬೇಕಾಗ್ತದ, ಹೋದ್ರ ಒತ್ತಬೇಕಾಗ್ತದ."

ಸೋತೆ. ಬಾಟಲಿಗಳನ್ನು ಮತ್ತೆ ಒಳಗಿಟ್ಟೆ. ಆಗ ಅರ್ಧ ಲೋಟ ಕುಡಿದರು. ಇನ್ನು ದಿನಾ ಬೆಳಿಗ್ಗೆ ಆ ಬಾಟಲಿಗಳು ಉಳಿಸಿದಷ್ಟೇ ನೀರನ್ನು ನಾನು ಬಕೆಟ್‌ನಿಂದ ಕಮೋಡಿಗೆ ಸುರಿಯಬೇಕು, ಅವರಿಗೆ ಕೇಳಿಸದಂತೆ.